ಕಾರು ತಗ್ಗಿಸುವ ಮುನ್ನ: ಯಾವ ಸ್ಪ್ರಿಂಗ್, ಯಾವ ಶಾಕ್ ಅಬ್ಸಾರ್ಬರ್?

ಪ್ರಶ್ನೆ: ನನ್ನ ಸ್ವಿಫ್ಟ್ (2018ರ ಮಾದರಿ) 70,000 ಕಿ.ಮೀ. ಓಡಿದೆ. 50 ಮಿ.ಮೀ. ತಗ್ಗಿಸುವ ಆಸೆ. ಸ್ಪ್ರಿಂಗ್ ಒಂದು ಸುತ್ತು ಕತ್ತರಿಸಿದರೆ ಆಯ್ತು, ಶಾಕ್ ಅಬ್ಸಾರ್ಬರ್ ಸೋರುತ್ತಿಲ್ಲವಲ್ಲ, ಹಾಗೇ ಇರಲಿ ಎನ್ನುತ್ತಾರೆ ಗ್ಯಾರೇಜಿನವರು. ಸರಿಯೇ?
– ಓದುಗರು, ಮದ್ದೂರು

ಉತ್ತರ: ಕತ್ತರಿಸುವುದಂತೂ ಬೇಡವೇ ಬೇಡ. ಕತ್ತರಿಸಿದ ತುದಿ ಸ್ಪ್ರಿಂಗ್ ಕೂರುವ ಬಟ್ಟಲಿನಲ್ಲಿ ಸರಿಯಾಗಿ ಕೂರುವುದಿಲ್ಲ. ಉದ್ದ ಕಡಿಮೆಯಾದ ಸ್ಪ್ರಿಂಗ್, ಚಕ್ರ ಪೂರ್ತಿ ಕೆಳಗಿಳಿದಾಗ ಸಡಿಲಗೊಂಡು ಜಾಗ ಬಿಟ್ಟು ಸರಿಯಬಹುದು. ಗ್ಯಾಸ್ ಕಟ್ಟರ್ ಹಿಡಿದರೆ ಕಾದ ಕಡೆ ಉಕ್ಕಿನ ಹದ ಕೆಟ್ಟು ಅಲ್ಲೇ ಮುರಿಯಬಹುದು. ಕೆಲಸ ಮಾಡುವ 6 ಸುತ್ತುಗಳಲ್ಲಿ ಒಂದು ಹೋದರೆ ಗಡಸುತನ ಶೇ 20ರಷ್ಟು ಏರುತ್ತದೆ. ಅದನ್ನು ತಡೆಯುವ ಶಕ್ತಿ ಹಳೇ ಶಾಕ್‌ಗೆ ಇರುವುದಿಲ್ಲ.

50 ಮಿ.ಮೀ. ಕೂಡ ಜಾಸ್ತಿ. ನಿಮ್ಮ ಕಾರಿನ ಗ್ರೌಂಡ್ ಕ್ಲಿಯರೆನ್ಸ್ 163 ಮಿ.ಮೀ. ಉಳಿಯುವುದು 113, ಐದು ಜನ ಕೂತರೆ ಇನ್ನೂ ಕಮ್ಮಿ. ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ. ಅಷ್ಟು ಅಗಲವಿದ್ದರೆ ಕಾರು ಅದನ್ನು ಹತ್ತಿ ಇಳಿಯುತ್ತದೆ. ಹಳ್ಳಿ ರಸ್ತೆಯ ಕಿರಿದಾದ, ಕಡಿದಾದ ಹಂಪ್ ಹಾಗಲ್ಲ, ಅದು ಮುಂದಿನ-ಹಿಂದಿನ ಚಕ್ರಗಳ ನಡುವೆ ಸಿಕ್ಕಿ ಹೊಟ್ಟೆಗೇ ತಗುಲುತ್ತದೆ. ಅದಕ್ಕಿಂತ ಮುಖ್ಯ, ಕಾರು ಎಷ್ಟು ತಗ್ಗುತ್ತದೋ ಚಕ್ರ ಮೇಲೇಳುವ ಜಾಗವೂ ಹೆಚ್ಚುಕಮ್ಮಿ ಅಷ್ಟೇ ಕಡಿಮೆಯಾಗುತ್ತದೆ. 25–30 ಮಿ.ಮೀ.ಗೆ ನಿಲ್ಲಿಸಿ.

ನಿಮ್ಮದೇ ಮಾದರಿಗೆ ತಯಾರಾದ ಲೋವರಿಂಗ್ ಸ್ಪ್ರಿಂಗ್ ಕೊಳ್ಳಿ. ಉಳಿದ ಕಡಿಮೆ ಜಾಗದಲ್ಲೇ ಭಾರ ಹೊರಬೇಕಾದ್ದರಿಂದ ಅದು ಗಡಸಾಗಿಯೇ ಇರುತ್ತದೆ. ಒತ್ತಿಸಿಕೊಂಡ ಸ್ಪ್ರಿಂಗ್ ವಾಪಸ್ ಚಿಮ್ಮುವಾಗ ಹಿಡಿದಿಡುವುದು ಶಾಕ್‌ನ ರೀಬೌಂಡ್. ಸ್ಪ್ರಿಂಗ್ ಶೇ 25 ಗಡಸಾದರೆ ಡ್ಯಾಂಪಿಂಗ್ (ಕುಣಿತ ಅಡಗಿಸುವ ಶಾಕ್ ಬಲ) ಸುಮಾರು ಶೇ 12 ಏರಬೇಕು, ಇದು ವರ್ಗಮೂಲದ ಲೆಕ್ಕ. 70,000 ಕಿ.ಮೀ. ಕಂಡ ಶಾಕ್ ಎಣ್ಣೆ ಸೋರದಿದ್ದರೂ ಒಳಗೆ ಸವೆದಿರುತ್ತದೆ. ಬಜೆಟ್ ಸಾಲದಿದ್ದರೆ ಕೆಲಸವನ್ನೇ ಮುಂದೂಡಿ, ಆದರೆ ಶಾಕ್‌ನಲ್ಲಿ ಉಳಿತಾಯ ಮಾಡಬೇಡಿ. ಕೊಳ್ಳುವಾಗ ತಗ್ಗಿಸಿದ ಕಾರಿಗೆಂದೇ ಕುಗ್ಗಿಸಿದ್ದೋ, ಮೂಲ ಎತ್ತರದ್ದೋ ಎಂದು ಕೇಳಿ. ಬಿಲ್‌ಸ್ಟೈನ್ ಕಂಪನಿಯ ಶಾಕ್‌ಗಳಲ್ಲಿ ಬಿ-8 ಮೊದಲನೆಯ ಬಗೆ, ಬಿ-6 ಎರಡನೆಯದು.

ಬಿಚ್ಚಿದ ಮೇಲೆ ಸ್ಟ್ರಟ್ ಮೌಂಟ್ (ಶಾಕ್‌ನ ಮೇಲ್ತುದಿಯನ್ನು ಬಾಡಿಗೆ ಜೋಡಿಸುವ ಭಾಗ), ಬೇರಿಂಗ್, ಡಸ್ಟ್ ಕವರ್ ಹೊಸದಾಗಲಿ. ಬಂಪ್ ಸ್ಟಾಪ್ (ಸಸ್ಪೆನ್ಷನ್ ಪೂರ್ತಿ ಕುಗ್ಗಿದಾಗ ಹೊಡೆತ ತಡೆಯುವ ಮೆತ್ತೆ) ಕಿತ್ತು ಬಿಸಾಡಲು ಬಿಡಬೇಡಿ. ಈ ಬಂಪ್ ಸ್ಟಾಪನ್ನು ಸ್ಪ್ರಿಂಗ್ ತಯಾರಕರು ಎಷ್ಟು ಕತ್ತರಿಸಲು ಹೇಳಿದ್ದಾರೋ ಅಷ್ಟೇ ಕತ್ತರಿಸಲಿ. ಲೋಯರ್ ಆರ್ಮ್ (ಚಕ್ರವನ್ನು ಕೆಳಗಿನಿಂದ ಹಿಡಿದಿಡುವ ತೋಳು) ಬುಷ್‌ನ ಬೋಲ್ಟ್ ಸಡಿಲಿಸಿದ್ದರೆ ಕೊನೆಯ ಬಿಗಿ ಕೊಡುವುದು ಕಾರು ಚಕ್ರದ ಮೇಲೆ ನಿಂತ ನಂತರ. ಜ್ಯಾಕ್ ಮೇಲಿದ್ದಾಗಲೇ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡಿದ್ದು ಬೇಗ ಹರಿಯುತ್ತದೆ. ಆಮೇಲೆ ವೀಲ್ ಅಲೈನ್‌ಮೆಂಟ್, ಕೆಲವು ನೂರು ಕಿ.ಮೀ. ನಂತರ ಇನ್ನೊಮ್ಮೆ. ಟೋ (ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ತಪ್ಪಿದ್ದರೆ ಟೈರಿನ ಅಂಚು ತಿಂದುಹೋಗುತ್ತದೆ.

ಪ್ರಶ್ನೆ: ತಗ್ಗಿಸಿದ ಕಾರಿಗೆ ಅಡ್ಜಸ್ಟೆಬಲ್ ಶಾಕ್ ಹಾಕಿಸಿ ಪೂರ್ತಿ ಗಡಸಿಗೆ ಇಟ್ಟಿದ್ದೇನೆ. ಒಂಟಿ ಹಂಪ್ ಸಲೀಸು. ಸಾಲು ರಂಬಲ್ ಸ್ಟ್ರಿಪ್ ಬಂದರೆ ಕೊನೆಯಲ್ಲಿ ದಡದಡ ಬಡಿಯುತ್ತದೆ. ಸ್ಪ್ರಿಂಗ್ ಮೆತ್ತಗಿದೆಯೇ?
– ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಸ್ಪ್ರಿಂಗ್ ಮೇಲೆ ಅನುಮಾನ ಬೇಡ, ರೀಬೌಂಡ್ ಅತಿಯಾಗಿರುವ ಲಕ್ಷಣ ಇದು. ಒಂದು ಪಟ್ಟಿ ದಾಟಿ ಚಕ್ರ ಕೆಳಗಿಳಿಯುವಷ್ಟರಲ್ಲಿ ಮುಂದಿನದು ಬರುತ್ತದೆ. ಪ್ರತಿ ಪಟ್ಟಿಗೂ ಕಾರು ಸ್ವಲ್ಪ ಸ್ವಲ್ಪ ಕುಗ್ಗುತ್ತಾ ಬಂಪ್ ಸ್ಟಾಪ್ ಮೇಲೆ ಕೂರುತ್ತದೆ. ಅತಿ ಮೆತ್ತನೆಯ ಹಂತಕ್ಕೆ ತಿರುಗಿಸಿ. ಅದೇ ರಸ್ತೆ, ಅದೇ ವೇಗದಲ್ಲಿ ಒಂದೊಂದೇ ಹಂತ ಏರಿಸಿ. ಹಂಪ್ ದಾಟಿದ ಮೇಲೆ ಕಾರು ಎರಡನೇ ಸಲ ಕುಣಿಯದೆ ನಿಂತರೆ ಅಲ್ಲಿಗೇ ಬಿಡಿ.

ಪ್ರಶ್ನೆ: ಕಾರು ತಗ್ಗಿಸಿದರೆ ದಂಡ ಬೀಳುತ್ತದೆಯೇ?
– ಓದುಗರು, ಶ್ರೀರಂಗಪಟ್ಟಣ

ಉತ್ತರ: ಆರ್‌ಸಿ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗುವಂಥ ಬದಲಾವಣೆಯನ್ನು ಮೋಟಾರು ವಾಹನ ಕಾಯ್ದೆಯ ಕಲಂ 52 ನಿಷೇಧಿಸುತ್ತದೆ. ಅನುಮತಿಯಿಲ್ಲದ ಪ್ರತಿ ಬದಲಾವಣೆಗೂ ಕಲಂ 182ಎ ಪ್ರಕಾರ ಮಾಲೀಕರಿಗೆ 5,000 ರೂ. ದಂಡ, 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು. ಸ್ಪ್ರಿಂಗ್ ಕೊಳ್ಳುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ವಿಮಾ ಕಂಪನಿಗೂ ಲಿಖಿತವಾಗಿ ತಿಳಿಸಿ.