ಮಲೆನಾಡಿನ ಹಳ್ಳಿಯಲ್ಲಿರುವ ವೃದ್ಧರ ಪೇಸ್‌ಮೇಕರ್‌ಗೆ ದೂರದಿಂದ ನಿಗಾ: ಹೆಚ್ಚಿನ ಹಣ ಕೊಡುವುದು ಸಾರ್ಥಕವೇ?

ಹೊಸನಗರದ ಬಳಿಯ ಹಳ್ಳಿಯಲ್ಲಿ ಒಬ್ಬರೇ ಇರುವ 79 ವರ್ಷದ ನಿಮ್ಮ ತಂದೆಯವರಿಗೆ ಬೆಂಗಳೂರಿನಲ್ಲಿ ಪೇಸ್‌ಮೇಕರ್, ಅಂದರೆ ಹೃದಯದ ಬಡಿತ ನಿಧಾನವಾಗದಂತೆ ನಡೆಸುವ ಚಿಕ್ಕ ಯಂತ್ರ, ಹಾಕಿಸಬೇಕಾಗಿದೆ, ಮನೆಯಿಂದಲೇ ಆಸ್ಪತ್ರೆಗೆ ಮಾಹಿತಿ ಕಳಿಸುವ ಸೌಲಭ್ಯವುಳ್ಳ ಮಾದರಿಗೆ 40,000 ರೂಪಾಯಿ ಹೆಚ್ಚಾಗುತ್ತದೆ, ಅಷ್ಟು ಕೊಡುವುದು ಸಾರ್ಥಕವೇ ಎಂದು ಕೇಳಿದ್ದೀರಿ. ನಾನು ವೈದ್ಯನಲ್ಲ, ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಅಡಿಕೆ ತೋಟ ನೋಡಿಕೊಂಡಿರುವವನು. ನನ್ನ ತಾಯಿಗೆ ಸಂಪೂರ್ಣ ಹಾರ್ಟ್ ಬ್ಲಾಕ್ ಆಗಿ, ಅಂದರೆ ಬಡಿತದ ವಿದ್ಯುತ್ ಸಂಕೇತ ಹೃದಯದ ಮೇಲಿನ ಕೋಣೆಯಿಂದ ಕೆಳಕೋಣೆಗೆ ತಲುಪದಂತಾಗಿ, ನಾಡಿ ನಿಮಿಷಕ್ಕೆ ಮೂವತ್ತರ ಆಸುಪಾಸಿಗೆ ಇಳಿದು, ಕೊಟ್ಟಿಗೆಯಲ್ಲಿ ಕುಸಿದು ಬಿದ್ದ ಮೇಲೆ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಇಂಥದೇ ಸಾಧನ ಹಾಕಿಸಿದೆವು. ಅದಾಗಿ ಆರು ವರ್ಷವಾಯಿತು. ಈ ಆರು ವರ್ಷದ ಅನುಭವದಿಂದ ಹೇಳುವುದಾದರೆ, ನಿಮ್ಮಂಥ ಸ್ಥಿತಿಯಲ್ಲಿ ಅದು ಸಾರ್ಥಕವೇ, ಆದರೆ ಆ ಮಾಹಿತಿಯನ್ನು ಓದುವ ಒಬ್ಬ ಮನುಷ್ಯ ಆಸ್ಪತ್ರೆಯಲ್ಲಿ ಇದ್ದರೆ ಮಾತ್ರ.

ಮೊದಲು ಅದು ಏನು ಮಾಡುತ್ತದೆ ಎಂಬುದು ಸ್ಪಷ್ಟವಾಗಲಿ. ಕೊರಳೆಲುಬಿನ ಕೆಳಗೆ ಚರ್ಮದಡಿ ಇರಿಸುವ ಪೇಸ್‌ಮೇಕರ್ ತನ್ನ ಬ್ಯಾಟರಿ ಎಷ್ಟು ಉಳಿದಿದೆ, ಹೃದಯಕ್ಕೆ ಹೋಗಿರುವ ತಂತಿ ಸರಿಯಿದೆಯೇ, ದಿನದ ಎಷ್ಟು ಬಡಿತಗಳನ್ನು ತಾನು ನಡೆಸಿಕೊಟ್ಟಿತು, ಲಯ ಎಲ್ಲಾದರೂ ತಪ್ಪಿತೇ ಎಂಬುದನ್ನೆಲ್ಲ ದಾಖಲಿಸಿಕೊಳ್ಳುತ್ತಿರುತ್ತದೆ. ಮಂಚದ ಪಕ್ಕದಲ್ಲಿಟ್ಟ ಚಿಕ್ಕ ಪೆಟ್ಟಿಗೆಯೊಂದು, ಸಾಮಾನ್ಯವಾಗಿ ರಾತ್ರಿ ರೋಗಿ ಮಲಗಿರುವಾಗ, ಎರಡು ಮೂರು ಮೀಟರ್ ದೂರದಿಂದ ರೇಡಿಯೋ ಅಲೆಯ ಮೂಲಕ ಆ ದಾಖಲೆಯನ್ನು ಪಡೆದು ಮೊಬೈಲ್ ಜಾಲದ ಮೂಲಕ ಕಳಿಸುತ್ತದೆ. ಇತ್ತೀಚಿನ ಕೆಲವು ಮಾದರಿಗಳಲ್ಲಿ ಪೆಟ್ಟಿಗೆಯ ಬದಲು ಬ್ಲೂಟೂತ್ ಮೂಲಕ ಫೋನಿನ ಆ್ಯಪ್ ಈ ಕೆಲಸ ಮಾಡುತ್ತದೆ. ಇದು ತುರ್ತು ಸೇವೆಯಲ್ಲ ಎಂಬುದನ್ನು ತಂದೆಯವರಿಗೂ ನೆರೆಯವರಿಗೂ ತಿಳಿಸಿ ಹೇಳಬೇಕು. ರಾಜ್ಯ ಸರ್ಕಾರದ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞರು ಕೂಡಲೇ ನೋಡುತ್ತಾರೆ, ಆದರೆ ಈ ಪೆಟ್ಟಿಗೆ ಕಳಿಸಿದ್ದನ್ನು ಯಾರಾದರೂ ನೋಡುವುದು ಮಾರನೆಯ ದಿನವೋ ರಜೆ ಕಳೆದ ಮೇಲೋ ಆಗಬಹುದು. ತಂದೆಯವರಿಗೆ ತಲೆಸುತ್ತು ಬಂದು ಬಿದ್ದರೆ ಕರೆಯಬೇಕಾದದ್ದು 108ನ್ನೇ.

ಇನ್ನು ಲೆಕ್ಕದ ಮಾತು. ನಮ್ಮ ಆಸ್ಪತ್ರೆಯ ಪದ್ಧತಿಯಂತೆ ಆರು ತಿಂಗಳಿಗೊಮ್ಮೆ ತಪಾಸಣೆಗೆ ಹೋಗಬೇಕಿತ್ತು. ಇಬ್ಬರ ಬಸ್ಸು, ಆಟೋ, ಒಂದು ದಿನದ ವಸತಿ, ಊಟ, ತಪಾಸಣೆಯ ಶುಲ್ಕ ಎಲ್ಲ ಸೇರಿ ಒಂದು ಸಲಕ್ಕೆ 7,000 ರೂಪಾಯಿಗೆ ಕಡಿಮೆಯಾಗುತ್ತಿರಲಿಲ್ಲ. ಹತ್ತು ವರ್ಷಕ್ಕೆ ಇಪ್ಪತ್ತು ಪ್ರಯಾಣವೆಂದರೆ 1,40,000. ಈಗ ವರ್ಷಕ್ಕೊಮ್ಮೆ ಹೋಗುತ್ತೇವೆ, ಅಂದರೆ ಅದರ ಅರ್ಧ. ಉಳಿಯುವ 70,000ದಲ್ಲಿ ನೀವು ಹೇಳಿದ 40,000 ಕಳೆದರೂ 30,000 ಕೈಯಲ್ಲಿರುತ್ತದೆ. ಆದರೆ ನನ್ನ ಮಟ್ಟಿಗೆ ದೊಡ್ಡ ಖರ್ಚು ಬಸ್ಸಿನದಾಗಿರಲಿಲ್ಲ. ಮಳೆಗಾಲದಲ್ಲಿ ಬಿಸಿಲು ಬಿದ್ದ ಎರಡು ದಿನದಲ್ಲಿ ಬೋರ್ಡೋ ಔಷಧಿ ಸಿಂಪಡಣೆ ಮುಗಿಸದಿದ್ದರೆ ಅಡಿಕೆಗೆ ಕೊಳೆ ರೋಗ ಬರುತ್ತದೆ, ಅಡಿಕೆ ಗೊನೆ ಕೊಯ್ಲಿಗೆ ಮರ ಹತ್ತುವ ಕೊನೆಗಾರ ಸಿಕ್ಕಿದ ದಿನ ಯಜಮಾನ ಮನೆಯಲ್ಲಿಲ್ಲದಿದ್ದರೆ ಅವನು ಮತ್ತೆ ಸಿಗುವುದು ಎಂದೋ. ಇಂಥ ಸಮಯದಲ್ಲಿ ಮೂರು ದಿನ ಬೆಂಗಳೂರಿಗೆ ಹೋಗಿಬರುವುದರ ಬೆಲೆ ಯಾವ ರಸೀದಿಯಲ್ಲಿಯೂ ಕಾಣುವುದಿಲ್ಲ. ಮಂಡಿನೋವಿರುವ ತಾಯಿ ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು, ಹತ್ತು ನಿಮಿಷದ ತಪಾಸಣೆಯಲ್ಲಿ ‘ಎಲ್ಲ ಸರಿಯಿದೆ’ ಎನಿಸಿಕೊಂಡು, ಮತ್ತೆ ರಾತ್ರಿಯಿಡೀ ಕುಳಿತು ಬರುತ್ತಿದ್ದರು. ಸಿಗಂದೂರು ಸೇತುವೆ 2025ರ ಜುಲೈನಲ್ಲಿ ತೆರೆಯುವವರೆಗೆ ತುಮರಿಯ ಕಡೆಯವರು ಶರಾವತಿ ಹಿನ್ನೀರನ್ನು ಲಾಂಚಿನಲ್ಲಿ ದಾಟಿಯೇ ಸಾಗರಕ್ಕೆ ಬರಬೇಕಿತ್ತು. ‘ಒಮ್ಮೆ ಬಂದು ತೋರಿಸಿಕೊಂಡು ಹೋಗಿ’ ಎಂಬ ಮಾತು ನಮ್ಮ ಜಿಲ್ಲೆಯ ವೃದ್ಧರಿಗೆ ಎಷ್ಟು ಭಾರವೆಂಬುದು ಹೇಳುವವರಿಗೆ ಗೊತ್ತಿರುವುದಿಲ್ಲ.

ಇದೇ ಲೆಕ್ಕ ಶಿವಮೊಗ್ಗದಲ್ಲೇ ತಪಾಸಣೆ ಆಗುವವರಿಗೆ ಹೊಂದುವುದಿಲ್ಲ. ಪೇಸ್‌ಮೇಕರನ್ನು ತಪಾಸಣೆ ಮಾಡುವ ಪ್ರೋಗ್ರಾಮರ್ ಎಂಬ ಯಂತ್ರ ಆಯಾ ಕಂಪನಿಯ ಸಾಧನವನ್ನು ಮಾತ್ರ ಓದಬಲ್ಲದು. ಆದ್ದರಿಂದ ನಿಮಗೆ ಹೇಳಿರುವ ಕಂಪನಿಯ ಯಂತ್ರ ಶಿವಮೊಗ್ಗದ ಯಾವುದಾದರೂ ಆಸ್ಪತ್ರೆಯಲ್ಲಿದೆಯೇ, ಅಥವಾ ಅವರ ಪ್ರತಿನಿಧಿ ನಿಗದಿತ ದಿನ ಅದನ್ನು ಅಲ್ಲಿಗೆ ತರುತ್ತಾರೆಯೇ ಎಂದು ಮೊದಲೇ ವಿಚಾರಿಸಿ. ತರುತ್ತಾರೆಂದಾದರೆ ಬೆಳಗ್ಗೆ ಹೋಗಿ ಸಂಜೆಗೆ ಮರಳಬಹುದು, ಆಗ ಹಣದ ದೃಷ್ಟಿಯಿಂದ ಈ ಪೆಟ್ಟಿಗೆಯ ಅಗತ್ಯ ಬಹಳ ಕಡಿಮೆಯಾಗುತ್ತದೆ.

ಭೇಟಿ ಕಡಿಮೆಯಾದರೆ ಅಪಾಯ ಹೆಚ್ಚುವುದಿಲ್ಲವೇ ಎಂಬ ಭಯ ನನಗೂ ಇತ್ತು. ಫ್ರಾನ್ಸಿನಲ್ಲಿ 538 ಪೇಸ್‌ಮೇಕರ್ ರೋಗಿಗಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಕಾಂಪಾಸ್ ಎಂಬ ಅಧ್ಯಯನದಲ್ಲಿ, ದೂರ ನಿಗಾ ಇದ್ದ ಗುಂಪಿನವರು ಅಧ್ಯಯನದ ಅವಧಿಯ ನಡುವೆ ಆಸ್ಪತ್ರೆಗೆ ಕೊಟ್ಟ ಭೇಟಿಗಳು ಅರ್ಧಕ್ಕಿಂತ ಹೆಚ್ಚು ಕಡಿಮೆಯಾದರೂ ಸುರಕ್ಷತೆಯಲ್ಲಿ ಕೊರತೆಯಾಗಲಿಲ್ಲ. ಯುರೋಪಿನ ಹೃದ್ರೋಗ ತಜ್ಞರ ಸಂಘದ 2021ರ ಮಾರ್ಗಸೂಚಿಯು ಓಡಾಟ ಕಷ್ಟವಾಗಿರುವವರಿಗೆ ದೂರ ನಿಗಾವನ್ನು ಶಿಫಾರಸು ಮಾಡುತ್ತದೆ. ಅದು ಸರಿಯಾಗಿ ನಡೆಯುತ್ತಿದ್ದರೆ ಸಾಧಾರಣ ಪೇಸ್‌ಮೇಕರ್ ಇರುವವರ ಖುದ್ದು ಭೇಟಿಯನ್ನು 24 ತಿಂಗಳವರೆಗೆ ಮುಂದೂಡಬಹುದು ಎನ್ನುತ್ತದೆ. ಆದರೆ ‘ಇದನ್ನು ಹಾಕಿಸಿದರೆ ಆಯುಷ್ಯ ಹೆಚ್ಚುತ್ತದೆ’ ಎಂದು ಯಾರಾದರೂ ಹೇಳಿದರೆ ನಂಬಿ ಹಣ ಕೊಡಬೇಡಿ. ಕಾಂಪಾಸ್ ತೋರಿಸಿದ್ದು ಅದನ್ನಲ್ಲ. ಅದು ತೋರಿಸಿದ್ದು ಅಷ್ಟೇ ಸುರಕ್ಷಿತವಾಗಿ, ಕಡಿಮೆ ಓಡಾಟದಲ್ಲಿ ನೋಡಿಕೊಳ್ಳಬಹುದೆಂಬುದನ್ನು.

ಈಗ ನಮಗಾದ ತೊಂದರೆಯನ್ನು ಹೇಳಬೇಕು. ಎರಡನೆಯ ವರ್ಷದ ಮಳೆಗಾಲದಲ್ಲಿ ಗಾಳಿಗೆ ಮರ ಬಿದ್ದು ವಾರಗಟ್ಟಲೆ ಕರೆಂಟು ಹೋಗಿಬಂದು ಮಾಡುತ್ತಿತ್ತು, ಟವರೂ ಅದರ ಜೊತೆಗೇ ಕೈಕೊಡುತ್ತಿತ್ತು. ಕರೆಂಟು ಬಂದ ಮೇಲೆ ಪೆಟ್ಟಿಗೆಯ ದೀಪ ಹೊತ್ತಿದ್ದನ್ನು ನೋಡಿ ಎಲ್ಲ ಸರಿಯಿದೆ ಎಂದೇ ನಾವು ತಿಳಿದಿದ್ದೆವು. ದೀಪಾವಳಿ ಕಳೆದು ವಾರ್ಷಿಕ ತಪಾಸಣೆಗೆ ಹೋದಾಗ, ಜೂನ್ ತಿಂಗಳಿನಿಂದ ಒಂದೇ ಒಂದು ವರದಿಯೂ ತಲುಪಿಲ್ಲ ಎಂದು ಗೊತ್ತಾಯಿತು. ಸಂಪರ್ಕ ಕಡಿದಿದೆ ಎಂಬ ಸೂಚನೆ ಆಸ್ಪತ್ರೆಯ ಗಣಕದಲ್ಲಿ ಬಂದು ಕುಳಿತಿತ್ತು, ಆದರೆ ಆ ಕೆಲಸ ನೋಡುತ್ತಿದ್ದ ನರ್ಸ್ ಬಿಟ್ಟುಹೋದ ಮೇಲೆ ಅದನ್ನು ಯಾರಿಗೂ ವಹಿಸಿರಲಿಲ್ಲ. ಅದೃಷ್ಟಕ್ಕೆ ಆ ಅವಧಿಯಲ್ಲಿ ತಾಯಿಗೆ ಏನೂ ಆಗಿರಲಿಲ್ಲ. ನನ್ನ ಸಿಟ್ಟಿಗೆ ಕಾರಣ ಕೆಟ್ಟ ಜಾಲವಲ್ಲ, ಅದು ನಮಗೆ ರೂಢಿಯಾಗಿದೆ. ಯಾರೋ ನೋಡುತ್ತಿದ್ದಾರೆ ಎಂದು ನಂಬಿ ಆ ವೃದ್ಧೆ ನೆಮ್ಮದಿಯಿಂದ ಮಲಗುತ್ತಿದ್ದ ಐದು ತಿಂಗಳೂ ಆಚೆ ಕಡೆ ಯಾರೂ ಇರಲಿಲ್ಲ ಎಂಬುದು. ಪೆಟ್ಟಿಗೆಗೆ ಬೆಲೆಪಟ್ಟಿ ಇರುತ್ತದೆ, ದಿನಾ ಬೆಳಗ್ಗೆ ಅರ್ಧ ಗಂಟೆ ಆ ವರದಿಗಳನ್ನು ನೋಡಿ ಬೇಕಾದವರಿಗೆ ಫೋನು ಮಾಡುವ ಸಿಬ್ಬಂದಿಯ ಸಂಬಳ ಯಾವ ಪಟ್ಟಿಯಲ್ಲೂ ಇರುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಈ ವ್ಯವಸ್ಥೆಯ ನಿಜವಾದ ಖರ್ಚು ಅದೇ, ಆಸ್ಪತ್ರೆಗಳು ಉಳಿಸಲು ನೋಡುವುದೂ ಅದನ್ನೇ.

ನಾಲ್ಕನೆಯ ವರ್ಷದಲ್ಲಿ ಇದೇ ವ್ಯವಸ್ಥೆ ನಮಗೆ ಉಪಕಾರವನ್ನೂ ಮಾಡಿತು. ಒಂದು ಮಧ್ಯಾಹ್ನ ಆಸ್ಪತ್ರೆಯಿಂದ ಫೋನು ಬಂತು: ತಾಯಿಯ ಹೃದಯದ ಮೇಲಿನ ಕೋಣೆಗಳಲ್ಲಿ ಏಟ್ರಿಯಲ್ ಫಿಬ್ರಿಲೇಷನ್, ಅಂದರೆ ಲಯವಿಲ್ಲದ ಕಂಪನ, ಹಲವು ಸಲ ಗಂಟೆಗಟ್ಟಲೆ ಕಾಣಿಸಿಕೊಂಡಿದೆ. ಅವರಿಗೆ ಎದೆ ಡವಗುಟ್ಟಿದ ನೆನಪೂ ಇರಲಿಲ್ಲ. ಇಂಥ ಕಂಪನದಲ್ಲಿ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋದರೆ ಲಕ್ವ ಹೊಡೆಯುವ ಅಪಾಯವಿದೆ. ಆದರೂ ವೈದ್ಯರು ಅವಸರದಲ್ಲಿ ಮಾತ್ರೆ ಬರೆಯಲಿಲ್ಲ. ಸಾಧನ ಮಾತ್ರ ಕಂಡುಹಿಡಿದ ಇಂಥ ಕಂಪನದ ಬಗ್ಗೆ 2023ರಲ್ಲಿ ಎರಡು ದೊಡ್ಡ ಪ್ರಯೋಗಗಳ ಫಲಿತಾಂಶ ಬಂದಿತ್ತು. ಆರ್ಟೇಸಿಯಾ ಎಂಬುದರಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯಿಂದ ಲಕ್ವ ಕಡಿಮೆಯಾಯಿತು, ಆದರೆ ಗಂಭೀರ ರಕ್ತಸ್ರಾವ ಹೆಚ್ಚಿತು. ನೋವಾ ಎಂಬುದರಲ್ಲಿ ಸ್ಪಷ್ಟ ಪ್ರಯೋಜನ ಕಾಣಲಿಲ್ಲ. ತಾಯಿಯ ವಯಸ್ಸು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಮೂತ್ರಪಿಂಡದ ಪರೀಕ್ಷೆ ಎಲ್ಲ ನೋಡಿ, ನಮ್ಮೊಡನೆ ಮಾತಾಡಿ, ಕೊನೆಗೆ ಮಾತ್ರೆ ಶುರುಮಾಡಿದರು. ಆ ನಿರ್ಧಾರವನ್ನು ಯೋಚಿಸಿ ತೆಗೆದುಕೊಳ್ಳುವ ಅವಕಾಶ ಸಿಕ್ಕಿದ್ದೇ ನಮಗೆ ದೊಡ್ಡದು. ಅಂದಹಾಗೆ, ಕೆಳಕೋಣೆಗೆ ಮಾತ್ರ ಒಂದು ತಂತಿ ಹಾಕುವ ಸಾಧಾರಣ ಮಾದರಿಯಲ್ಲಿ ಮೇಲಿನ ಕೋಣೆಯ ಈ ವಿವರ ಸಿಗುವುದಿಲ್ಲ. ತಂದೆಯವರಿಗೆ ಯಾವುದನ್ನು ಹಾಕುತ್ತಾರೆ ಎಂದು ಕೇಳಿಕೊಳ್ಳಿ.

ಶಸ್ತ್ರಚಿಕಿತ್ಸೆಗೆ ಮುಂಚೆ ಇನ್ನೂ ಕೆಲವನ್ನು ಖಚಿತಪಡಿಸಿಕೊಳ್ಳಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಚಿಕಿತ್ಸೆ ಆಗುವುದಾದರೆ, ಅದರಲ್ಲಿ ಕೊಡುವ ಸಾಧನಕ್ಕೆ ದೂರದಿಂದ ಮಾಹಿತಿ ಕಳಿಸುವ ಸಾಮರ್ಥ್ಯವಿದೆಯೇ ಎಂದು ಕೇಳಿ. ಸಾಧನದಲ್ಲೇ ಅದಿಲ್ಲದಿದ್ದರೆ ಮುಂದೆ ಪೆಟ್ಟಿಗೆ ಕೊಂಡು ಪ್ರಯೋಜನವಿಲ್ಲ, ಬ್ಯಾಟರಿ ಮುಗಿದು ಸಾಧನ ಬದಲಿಸುವವರೆಗೆ ಕಾಯಬೇಕಾಗುತ್ತದೆ. 40,000 ರೂಪಾಯಿಯಲ್ಲಿ ಪೆಟ್ಟಿಗೆಯೂ ಸೇರಿದೆಯೇ, ವರ್ಷಾವರ್ಷ ಬೇರೆ ಶುಲ್ಕವಿದೆಯೇ, ಪೆಟ್ಟಿಗೆ ಕೆಟ್ಟರೆ ಬದಲಿಸಿಕೊಡುವವರು ಯಾರು ಎಂಬುದನ್ನು ಬರಹದಲ್ಲಿ ಪಡೆಯಿರಿ. ಎಲ್ಲಕ್ಕಿಂತ ಮುಖ್ಯವಾಗಿ, ವರದಿ ಓದುವವರ ಹೆಸರು, ಅವರ ಫೋನ್ ನಂಬರು, ಸಂಪರ್ಕ ಕಡಿದರೆ ಎಷ್ಟು ದಿನದೊಳಗೆ ಕರೆ ಮಾಡುತ್ತಾರೆ ಎಂಬುದನ್ನು ಕೇಳಿ. ಇದಕ್ಕೆ ನೇರ ಉತ್ತರ ಸಿಗದಿದ್ದರೆ ಆ ಹಣವನ್ನು ಬ್ಯಾಂಕಿನಲ್ಲಿಟ್ಟು, ತಪಾಸಣೆಯ ದಿನ ತಂದೆಯವರನ್ನು ಕಾರು ಮಾಡಿಕೊಂಡು ಆರಾಮವಾಗಿ ಕರೆದುಕೊಂಡು ಹೋಗುವುದೇ ಮೇಲು ಎನ್ನುತ್ತೇನೆ.

ಹಣ ಕೊಡುವ ಮುನ್ನ ತಂದೆಯವರು ಮಲಗುವ ಕೋಣೆಯಲ್ಲಿ ರಾತ್ರಿ ಹತ್ತು ಗಂಟೆಗೆ ಯಾವ ಕಂಪನಿಯ ಸಿಗ್ನಲ್ ಸಿಗುತ್ತದೆ ಎಂದು ನೋಡಿ, ಪೆಟ್ಟಿಗೆಯ ಸಿಮ್ ಅದೇ ಆಗಿರಬಹುದೇ ಎಂದು ವಿಚಾರಿಸಿ. ನಮ್ಮ ಮನೆಯ ಒಳಕೋಣೆಯಲ್ಲಿ ಸಿಗ್ನಲ್ ಸ್ವಲ್ಪವೂ ಇರಲಿಲ್ಲ, ನಲವತ್ತು ವರ್ಷದಿಂದ ಅಲ್ಲೇ ಮಲಗುತ್ತಿದ್ದ ತಾಯಿಯ ಮಂಚವನ್ನು ಜಗಲಿಯ ಪಕ್ಕದ ಕೋಣೆಗೆ ಸ್ಥಳಾಂತರಿಸಬೇಕಾಯಿತು. ಒಪ್ಪಿಸಲು ಒಂದು ವಾರ ಹಿಡಿಯಿತು. ಈಗ ಪ್ರತಿ ತಿಂಗಳ ಮೊದಲ ಸೋಮವಾರ ನಾನೇ ಆಸ್ಪತ್ರೆಗೆ ಫೋನು ಮಾಡಿ, ಕಳೆದ ವರದಿ ಯಾವ ತಾರೀಖಿನದು ಎಂದು ಕೇಳಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡುತ್ತೇನೆ.