ಫಿಸಿಕ್ಸ್ ಓದಿದವರು ಕೆರೆಗಳ ಮೇಲೆ ಸಂಶೋಧನೆ ಮಾಡಬಹುದಾ?

ನಿಮ್ಮ ಪ್ರಶ್ನೆ ಇಷ್ಟು: ಬಿ.ಎಸ್ಸಿ ಫಿಸಿಕ್ಸ್ ಮುಗಿದಿದೆ, ಪೈಥಾನ್ ಪ್ರೋಗ್ರಾಮಿಂಗ್ ಬರುತ್ತದೆ, ಊರ ಕೆರೆ ಹಾಳಾಗುವುದನ್ನು ನೋಡಿ ಸುಮ್ನೆ ಇರಲು ಆಗುತ್ತಿಲ್ಲ, ಮಕ್ಕಳಿಗೆ ಪಾಠ ಹೇಳುವುದೂ ಇಷ್ಟ. ಇವನ್ನೆಲ್ಲ ಜೊತೆಗಿಟ್ಟುಕೊಂಡು ಸಂಶೋಧನೆ ಮಾಡಲು ಆಗುತ್ತದಾ, ಇಲ್ಲ ಒಂದನ್ನು ಹಿಡಿದು ಉಳಿದದ್ದನ್ನು ಬಿಡಬೇಕಾ?

ಆಗುತ್ತದೆ. ನಾನೂ ಫಿಸಿಕ್ಸ್ ಓದಿಯೇ ಕೆರೆಯ ಕೆಲಸಕ್ಕೆ ಬಂದೆ. ಆದರೆ ನಾಲ್ಕು ವಿಷಯ ಹಿಡಿದುಕೊಂಡು ಹೊರಡಬೇಡಿ. ಒಂದು ಕೆರೆ ಹಿಡಿಯಿರಿ, ಅದರ ಬಗ್ಗೆ ಒಂದು ಪ್ರಶ್ನೆ ಹಿಡಿಯಿರಿ. ಯಾವ ವಿಷಯ ಎಷ್ಟು ಕಲಿಯಬೇಕು ಅನ್ನುವುದು ಆಮೇಲೆ ತಾನಾಗಿ ಗೊತ್ತಾಗುತ್ತದೆ. ನನಗೆ ಚೆನ್ನಾಗಿ ಗೊತ್ತಿರುವ ಒಂದು ಪ್ರಶ್ನೆಯನ್ನೇ ತೆಗೆದುಕೊಂಡು ಹೇಳುತ್ತೇನೆ. ಕೆರೆಯಲ್ಲಿ ಮೀನು ರಾತ್ರೋರಾತ್ರಿ ಯಾಕೆ ಸಾಯುತ್ತವೆ?

2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸತ್ತ ಮೀನು ರಾಶಿ ರಾಶಿಯಾಗಿ ತೇಲಿದ್ದು ನಿಮಗೆ ನೆನಪಿರಬಹುದು. ಬೇಸಿಗೆ ಬಂದರೆ ಇಂಥ ಸುದ್ದಿ ಒಂದಲ್ಲ ಒಂದು ಊರಿನಿಂದ ಬರುತ್ತದೆ. ಜನ ಮೊದಲು ಹೇಳುವ ಮಾತು ‘ಯಾರೋ ವಿಷ ಹಾಕಿದ್ದಾರೆ’ ಅಂತ. ಕೆಲವು ಕಡೆ ಅದು ನಿಜವೂ ಇರಬಹುದು. ಆದರೆ ಕೊಳಚೆ ಸೇರುವ ಕೆರೆಗಳಲ್ಲಿ ಬಹಳ ಸಲ ಮೀನು ಸಾಯುವುದು ಉಸಿರುಗಟ್ಟಿ. ನೀರಿನಲ್ಲಿ ಕರಗಿದ ಆಮ್ಲಜನಕ ಖಾಲಿಯಾಗಿರುತ್ತದೆ.

ಲೆಕ್ಕ ನೋಡಿ. ಸಮುದ್ರಮಟ್ಟದಲ್ಲಿ 25 ಡಿಗ್ರಿ ಬಿಸಿಯ ಸಿಹಿನೀರು ಲೀಟರಿಗೆ ಸುಮಾರು 8.2 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳುತ್ತದೆ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಗಾಳಿಯ ಒತ್ತಡ ಕಡಿಮೆ, ಹಾಗಾಗಿ ಅದರಲ್ಲೂ ಹತ್ತನೇ ಒಂದು ಭಾಗ ಹೋಯಿತು. ನೀರು ಬಿಸಿಯಾದಷ್ಟೂ ಇನ್ನಷ್ಟು ಕಡಿಮೆ. ಮೀನು ಸಾಕಲು ಕನಿಷ್ಠ 4 ಮಿಲಿಗ್ರಾಂ ಇರಬೇಕು ಅನ್ನುತ್ತದೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡ. ಅಂದರೆ ಕೈಯಲ್ಲಿರುವ ಉಳಿತಾಯವೇ ಬಹಳ ಸಣ್ಣದು.

ಈಗ ಪಾಚಿಯ ವಿಷಯಕ್ಕೆ ಬರೋಣ. ಹಗಲಿನಲ್ಲಿ ಪಾಚಿ ಬಿಸಿಲು ಕುಡಿದು ಆಮ್ಲಜನಕ ಬಿಡುತ್ತದೆ. ನೀರು ಹಸಿರುಗಟ್ಟಿದ ಕೆರೆಯಲ್ಲಿ ಮಧ್ಯಾಹ್ನ ಮೂರು ಗಂಟೆಗೆ ಆಮ್ಲಜನಕ ಅಳೆಯುವ ಮೀಟರ್ ಇಳಿಸಿದರೆ ನೀರು ಹಿಡಿಯಬೇಕಾದ್ದಕ್ಕಿಂತಲೂ ಜಾಸ್ತಿ ತೋರಿಸಬಹುದು. ಸೂರ್ಯ ಮುಳುಗಿದ ಮೇಲೆ ಅದೇ ಪಾಚಿ ಉಸಿರಾಡುತ್ತದೆ, ಬ್ಯಾಕ್ಟೀರಿಯಾ ಉಸಿರಾಡುತ್ತವೆ, ತಳದ ಹೂಳು ಕೊಳೆಯುತ್ತಲೇ ಇರುತ್ತದೆ. ಎಲ್ಲರೂ ಖರ್ಚು ಮಾಡುವವರೇ, ಸಂಪಾದಿಸುವವರು ಯಾರೂ ಇಲ್ಲ. ಬೆಳಗಿನ ಜಾವ ಐದೂವರೆಗೆ ಅದೇ ಜಾಗದಲ್ಲಿ ಅಳೆದರೆ ಮೀಟರ್ ಸೊನ್ನೆಯ ಹತ್ತಿರ ಬಂದಿರಬಹುದು. ಕೆರೆಯಲ್ಲಿ ಬಲೆ ಹಾಕುವವರಿಗೆ ಇದು ಯಾವ ಮೀಟರ್ ಇಲ್ಲದೆಯೂ ಗೊತ್ತು. ಹೊತ್ತು ಮೂಡುವ ಮುಂಚೆ ಮೀನು ಮೇಲಕ್ಕೆ ಬಂದು ಬಾಯಿ ಬಿಡುತ್ತಿದ್ದರೆ ಆ ಕೆರೆಗೆ ಕಷ್ಟ ಕಾದಿದೆ ಅಂತ ಅವರು ಹೇಳುತ್ತಾರೆ. ಮೊದಲು ಅವರ ಹತ್ತಿರ ಕೂತು ಮಾತಾಡಿ.

ಸ್ಯಾಂಪಲ್ ತೆಗೆಯುವವರು ಸಾಮಾನ್ಯವಾಗಿ ಕೆರೆಗೆ ಬರುವುದು ಎಷ್ಟು ಹೊತ್ತಿಗೆ? ಹತ್ತೂವರೆ, ಹನ್ನೊಂದಕ್ಕೆ ಅಲ್ವಾ? ಆ ಹೊತ್ತಿಗೆ ಕೆರೆ ಚೇತರಿಸಿಕೊಂಡಿರುತ್ತದೆ. ವರದಿಯಲ್ಲಿ ಆಮ್ಲಜನಕ ಆರು ಮಿಲಿಗ್ರಾಂ, ನೀರು ಪರವಾಗಿಲ್ಲ ಅಂತ ಬರುತ್ತದೆ. ಮಾರನೇ ವಾರ ಮೀನು ಸತ್ತರೆ ವಿಷದ ಮಾತು ಶುರುವಾಗುತ್ತದೆ. ಅಳತೆ ಸುಳ್ಳಲ್ಲ, ಅಳೆದ ಹೊತ್ತು ತಪ್ಪು. ಇದನ್ನು ಸರಿಪಡಿಸಲು ದೊಡ್ಡ ಲ್ಯಾಬ್ ಬೇಕಿಲ್ಲ.

ಇಲ್ಲಿಂದ ನಿಮ್ಮ ಫಿಸಿಕ್ಸ್ ಶುರು. ನೀರಿನ ಸಾಂದ್ರತೆ 4 ಡಿಗ್ರಿಯಲ್ಲಿ ಅತಿ ಹೆಚ್ಚು ಅಂತ ಪಿಯುಸಿಯಲ್ಲೇ ಓದಿದ್ದೀರಿ. ಆದರೆ ನಮ್ಮ ಕೆರೆಗಳಿಗೆ ಬೇಕಾದ ಮಾತು ಬೇರೆ ಇದೆ. ನೀರು 4ರಿಂದ 5 ಡಿಗ್ರಿಗೆ ಹೋದಾಗ ಸಾಂದ್ರತೆ ಎಷ್ಟು ಇಳಿಯುತ್ತದೋ, 24ರಿಂದ 25ಕ್ಕೆ ಹೋದಾಗ ಅದರ ಸುಮಾರು 30 ಪಟ್ಟು ಇಳಿಯುತ್ತದೆ. ಹಾಗಾಗಿ ಬೆಚ್ಚಗಿನ ನಾಡಿನಲ್ಲಿ ಮೇಲಿನ ನೀರು ಕೆಳಗಿನದಕ್ಕಿಂತ ಒಂದೆರಡು ಡಿಗ್ರಿ ಬಿಸಿಯಾದರೂ ಸಾಕು, ಮುಚ್ಚಳ ಹಾಕಿದ ಹಾಗೆ ಕೂತುಬಿಡುತ್ತದೆ. ಗಾಳಿ ಬೀಸಿ ಕಲಕದೆ ಇದ್ದರೆ ಆಮ್ಲಜನಕ ತಾನಾಗಿ ಕೆಳಗೆ ಇಳಿಯುವುದಿಲ್ಲ. ನೀರಿನಲ್ಲಿ ಅದು ಹರಡುವ ವೇಗ ಗಾಳಿಯಲ್ಲಿ ಹರಡುವ ವೇಗದ ಹತ್ತು ಸಾವಿರದಲ್ಲಿ ಒಂದು ಪಾಲು. ಬರೀ ವಿಸರಣೆಯನ್ನೇ ನಂಬಿಕೊಂಡರೆ ಒಂದು ಮೀಟರ್ ಇಳಿಯಲು ವರ್ಷಗಳೇ ಬೇಕು. ನೀವೇ ಒಮ್ಮೆ ಲೆಕ್ಕ ಹಾಕಿ ನೋಡಿ, ನಾಲ್ಕು ಸಾಲಿನ ಕೆಲಸ.

ಈಗ ಏಪ್ರಿಲ್ ತಿಂಗಳ ಒಂದು ಸಂಜೆ ಜೋರು ಗಾಳಿ ಮಳೆ ಬಂತು ಅಂದುಕೊಳ್ಳಿ. ಮೇಲಿನ ನೀರು ತಣ್ಣಗಾಗಿ ಕೆಳಗಿಳಿಯುತ್ತದೆ. ತಳದಲ್ಲಿ ಆಮ್ಲಜನಕವೇ ಇಲ್ಲದೆ ಕೂತಿದ್ದ, ಕೊಳೆತ ಮೊಟ್ಟೆಯ ವಾಸನೆಯ ನೀರು ಮೇಲೆ ಬರುತ್ತದೆ. ಮೋಡ ಕವಿದಿದ್ದರಿಂದ ಪಾಚಿ ಅಂದು ಸರಿಯಾಗಿ ಕೆಲಸ ಮಾಡಿರುವುದಿಲ್ಲ. ಸಾಲದ್ದಕ್ಕೆ ರಾಜಕಾಲುವೆಯಲ್ಲಿ ತಿಂಗಳುಗಟ್ಟಲೆ ನಿಂತಿದ್ದ ಕೊಳಚೆ ಮೊದಲ ಮಳೆಗೆ ಕೊಚ್ಚಿಕೊಂಡು ಬಂದು ಬೀಳುತ್ತದೆ. ಬೆಳಗ್ಗೆ ಮೀನು ಸತ್ತಿವೆ. ಮೂರು ಕಾರಣಗಳಲ್ಲಿ ಯಾವುದರ ಪಾಲು ಎಷ್ಟು? ಇದಕ್ಕೆ ಉತ್ತರ ಹುಡುಕುವುದು ಪಿಎಚ್‌ಡಿ ಮಟ್ಟದ ಕೆಲಸ. ಉತ್ತರ ಸಿಕ್ಕರೆ ಮೀನಿನ ಗುತ್ತಿಗೆದಾರರಿಗೆ ಮುನ್ನೆಚ್ಚರಿಕೆ ಕೊಡಬಹುದು.

ಸಲಕರಣೆ ಕಷ್ಟವಿಲ್ಲ. ಒಂದು ಹಗ್ಗ, ತುದಿಗೆ ಕಲ್ಲು, ಮೇಲೆ ತೇಲಲು ಖಾಲಿ ಕ್ಯಾನ್. ಹಗ್ಗದುದ್ದಕ್ಕೂ ಅರ್ಧ ಮೀಟರಿಗೊಂದು ಡಿಎಸ್18ಬಿ20 ತಾಪಮಾನ ಸೆನ್ಸರ್, ಡಬ್ಬಿಯೊಳಗೆ ಅಳತೆ ದಾಖಲಿಸಲು ಒಂದು ಇಎಸ್‌ಪಿ32 ಬೋರ್ಡು. ಆದರೆ ಒಂದು ಮಾತು ಗಮನಿಸಿ. ಈ ಸೆನ್ಸರಿನ ನಿಖರತೆ ಅರ್ಧ ಡಿಗ್ರಿ ಆಚೀಚೆ. ನಿಮಗೆ ಬೇಕಾದ ವ್ಯತ್ಯಾಸ ಕೆಲವೊಮ್ಮೆ ಅದಕ್ಕಿಂತ ಕಡಿಮೆ. ಹಾಗಾಗಿ ಕೆರೆಗೆ ಇಳಿಸುವ ಮುಂಚೆ ಎಲ್ಲ ಸೆನ್ಸರುಗಳನ್ನೂ ಒಂದೇ ಬಕೆಟ್ ನೀರಿಗೆ ಹಾಕಿ, ನೀರು ಕಲಕುತ್ತಾ ಯಾವುದು ಎಷ್ಟು ಹೆಚ್ಚು ಕಡಿಮೆ ತೋರಿಸುತ್ತದೆ ಅಂತ ಬರೆದಿಟ್ಟುಕೊಳ್ಳಿ. ತಣ್ಣೀರು, ಬೆಚ್ಚನೆ ನೀರು ಎರಡರಲ್ಲೂ ಮಾಡಿ. ಆಮೇಲೆ ಆ ವ್ಯತ್ಯಾಸ ಕಳೆಯಿರಿ. ಆಮ್ಲಜನಕದ ಸೆನ್ಸರಿಗೆ ಬೇರೆ ರೋಗ. ಕೊಳಚೆ ನೀರಿನಲ್ಲಿ ಕೆಲವೇ ದಿನಗಳಲ್ಲಿ ಅದರ ಮೇಲೆ ಲೋಳೆ ಕಟ್ಟುತ್ತದೆ. ಆಗ ಮೀಟರ್ ತೋರಿಸುವುದು ಆ ಲೋಳೆಯ ಉಸಿರಾಟವನ್ನು, ಕೆರೆಯದ್ದನ್ನಲ್ಲ. ಒರೆಸುವ ಮುಂಚೆ ಒಂದು ರೀಡಿಂಗ್, ಒರೆಸಿದ ಮೇಲೆ ಒಂದು ರೀಡಿಂಗ್ ತೆಗೆಯಿರಿ. ಎರಡನ್ನೂ ಉಳಿಸಿಕೊಳ್ಳಿ.

ಕಂಪ್ಯೂಟರ್ ಕೆಲಸ ಈಗ ಬರುತ್ತದೆ. ಆಮ್ಲಜನಕದ ಹಗಲು ರಾತ್ರಿಯ ಏರಿಳಿತದಿಂದ ಒಂದು ಜಲಮೂಲ ಎಷ್ಟು ಉತ್ಪಾದಿಸುತ್ತದೆ, ಎಷ್ಟು ಉಸಿರಾಡುತ್ತದೆ ಅಂತ ತೆಗೆಯುವ ದಾರಿಯನ್ನು ಅಮೆರಿಕದ ಪರಿಸರ ವಿಜ್ಞಾನಿ ಹೊವಾರ್ಡ್ ಓಡಮ್ 1956ರಲ್ಲೇ ತೋರಿಸಿದ್ದರು. ಅವರು ಮಾಡಿದ್ದು ಹರಿಯುವ ನೀರಿನಲ್ಲಿ. ಈಗ ಕೆರೆಗಳಿಗೂ ಅದನ್ನೇ ಬಳಸುತ್ತಾರೆ. ಒಂದು ಸರಳ ಡಿಫರೆನ್ಷಿಯಲ್ ಸಮೀಕರಣ, ಮೂರು ಪದ: ಪಾಚಿ ಕೊಟ್ಟಿದ್ದು, ಎಲ್ಲರೂ ಉಸಿರಾಡಿದ್ದು, ಗಾಳಿಯೊಂದಿಗೆ ಕೊಟ್ಟು ತೆಗೆದುಕೊಂಡಿದ್ದು. ಪೈಥಾನ್ ಬರುವ ನಿಮಗೆ ಅದು ಕಷ್ಟವಲ್ಲ. ಮೂರನೇ ಪದದ ಗುಣಾಂಕ ಮಾತ್ರ ಎಲ್ಲರನ್ನೂ ಗೋಳುಹೊಯ್ದುಕೊಳ್ಳುತ್ತದೆ, ಗಾಳಿಯ ವೇಗ ಬದಲಾದಂತೆ ಅದೂ ಬದಲಾಗುತ್ತದೆ.

ಬಹಳ ಜನ ನೇರ ಉಪಗ್ರಹ ಚಿತ್ರಕ್ಕೆ ಹಾರುತ್ತಾರೆ. ಸೆಂಟಿನೆಲ್-2 ಚಿತ್ರ ಉಚಿತ, ಚಿತ್ರದ ಒಂದೊಂದು ಚುಕ್ಕಿ ನೆಲದ ಮೇಲೆ 10 ಮೀಟರ್, ಎರಡು ಉಪಗ್ರಹ ಸೇರಿ ಐದು ದಿನಕ್ಕೊಮ್ಮೆ. ಅಂತರಗಂಗೆ ಎಷ್ಟು ಹರಡಿದೆ, ನೀರು ಎಷ್ಟು ಹಸಿರಾಗಿದೆ ಅಂತ ನೋಡಲು ಒಳ್ಳೆಯದು. ಆದರೆ ಅದು ನಮ್ಮ ತಲೆಯ ಮೇಲೆ ಹಾದುಹೋಗುವುದೂ ಬೆಳಗ್ಗೆ ಹತ್ತೂವರೆಯ ಸುಮಾರಿಗೇ! ಆಮ್ಲಜನಕ ಅದಕ್ಕೆ ಕಾಣುವುದೂ ಇಲ್ಲ. ಮಳೆಗಾಲದಲ್ಲಿ ಮೋಡ ಬೇರೆ. ಬರೀ ಲ್ಯಾಪ್‌ಟಾಪ್ ಮುಂದೆ ಕೂತು ಮಾಡುವ ಕೆರೆ ಸಂಶೋಧನೆಯ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲ.

ಮಷೀನ್ ಲರ್ನಿಂಗ್ ಬಗ್ಗೆ ಕೇಳುವವರಿಗೆ ಒಂದು ಒಳ್ಳೆಯ ಉದಾಹರಣೆ ಅಮೆರಿಕದ ವಿಸ್ಕಾನ್ಸಿನ್‌ನ ಮೆಂಡೋಟಾ ಸರೋವರದ್ದು. 2019ರಲ್ಲಿ ಸಂಶೋಧಕರು ಅಲ್ಲಿನ ನೀರಿನ ತಾಪಮಾನ ಊಹಿಸುವ ನ್ಯೂರಲ್ ನೆಟ್‌ವರ್ಕಿಗೆ (ಅಳತೆಗಳಿಂದ ತಾನೇ ಕಲಿಯುವ ಪ್ರೋಗ್ರಾಮಿಗೆ) ಶಕ್ತಿ ಸಂರಕ್ಷಣೆಯ ನಿಯಮವನ್ನೂ ಕಲಿಸಿದರು. ನಿಯಮ ಮುರಿದರೆ ಅದಕ್ಕೆ ದಂಡ. ಅಳತೆ ಕಡಿಮೆ ಇದ್ದಾಗಲೂ ಅದು ಚೆನ್ನಾಗಿ ಊಹಿಸಿತು. ನಮ್ಮ ಕೆರೆಗಳಲ್ಲಿ ಅಳತೆಗಳೇ ಕಡಿಮೆ. ಹಾಗಾಗಿ ಫಿಸಿಕ್ಸ್, ಕೋಡ್ ಎರಡೂ ಬಲ್ಲವರಿಗೆ ಇಲ್ಲಿ ಬೇಕಾದಷ್ಟು ಕೆಲಸ ಇದೆ.

ಫಿಸಿಕ್ಸ್‌ನವರು ಸಡಿಲ ಬಿಡುವುದು ಜೀವಶಾಸ್ತ್ರವನ್ನು. ‘ಪಾಚಿ’ ಅಂತ ಒಂದು ಪದ ಬರೆದು ಸಮೀಕರಣಕ್ಕೆ ಹಾಕಿಬಿಡುತ್ತಾರೆ. ಮೈಕ್ರೋಸಿಸ್ಟಿಸ್ ಅನ್ನುವ ನೀಲಿ ಹಸಿರು ಪಾಚಿ ತನ್ನೊಳಗಿನ ಗಾಳಿಯ ಚೀಲಗಳಿಂದ ಮೇಲೆ ತೇಲುತ್ತದೆ, ವಿಷವನ್ನೂ ಮಾಡಬಲ್ಲದು. ಬೇರೆ ಎಷ್ಟೋ ಪಾಚಿ ಮುಳುಗುತ್ತವೆ. ಎರಡೂ ಒಂದೇ ಆಗಲು ಹೇಗೆ ಸಾಧ್ಯ? ಬಾಟನಿ ಮೇಷ್ಟ್ರ ಹತ್ತಿರ ಹೋಗಿ, ಒಂದು ಹನಿ ನೀರನ್ನು ಮೈಕ್ರೋಸ್ಕೋಪಿನಲ್ಲಿ ನೋಡುವುದನ್ನು ಕಲಿಯಿರಿ. ಒಂದೆರಡು ತಿಂಗಳು ಇದಕ್ಕೇ ಹೋದರೂ ಹೋಗಲಿ. 1973ರಲ್ಲಿ ಕೆನಡಾದಲ್ಲಿ ವಿಜ್ಞಾನಿ ಡೇವಿಡ್ ಶಿಂಡ್ಲರ್ ಅವರ ತಂಡ 226 ಅನ್ನುವ ನಂಬರಿನ ಸರೋವರದ ನಡುವೆ ಪರದೆ ಕಟ್ಟಿತು. ಎರಡೂ ಕಡೆ ಇಂಗಾಲ, ಸಾರಜನಕ ಹಾಕಿ, ಒಂದು ಕಡೆಗೆ ಮಾತ್ರ ರಂಜಕವನ್ನೂ ಸೇರಿಸಿತು. ಆ ಕಡೆ ಮಾತ್ರ ಪಾಚಿ ಉಕ್ಕಿತು. ಡಿಟರ್ಜೆಂಟ್‌ನ ರಂಜಕ ಸರೋವರಗಳನ್ನು ಕೆಡಿಸುತ್ತದಾ ಅಂತ ಆಗ ನಡೆಯುತ್ತಿದ್ದ ವಾದದಲ್ಲಿ ಆ ಸರೋವರದ ಎರಡೂ ಭಾಗ ತೋರಿಸುವ ಒಂದು ಫೋಟೋ ಮಾಡಿದ ಕೆಲಸವನ್ನು ಎಷ್ಟೋ ಮಾಡೆಲ್‌ಗಳು ಮಾಡಿರಲಿಲ್ಲ.

ಶಾಲೆಯ ವಿಷಯ. ಸೆಕ್ಕಿ ಡಿಸ್ಕ್ ಅಂತ ಇದೆ, 20 ಸೆಂಟಿಮೀಟರ್ ಅಗಲದ ಕಪ್ಪು ಬಿಳುಪು ತಟ್ಟೆ. ಹಗ್ಗ ಕಟ್ಟಿ ನೀರಿಗಿಳಿಸಿ, ಎಷ್ಟು ಆಳಕ್ಕೆ ಕಣ್ಮರೆಯಾಗುತ್ತದೆ ಅಂತ ನೋಡುವುದು. ಇಟಲಿಯ ಪಾದ್ರಿಯೂ ಖಗೋಳಶಾಸ್ತ್ರಜ್ಞರೂ ಆಗಿದ್ದ ಆಂಜೆಲೊ ಸೆಕ್ಕಿ 1865ರಲ್ಲಿ ಮೆಡಿಟರೇನಿಯನ್ ಸಮುದ್ರದಲ್ಲಿ ಬಿಳಿ ತಟ್ಟೆ ಇಳಿಸಿ ಇಂಥ ಪ್ರಯೋಗ ಮಾಡಿದ್ದರು. ಮಕ್ಕಳಿಗೆ ತುಂಬಾ ಇಷ್ಟವಾಗುತ್ತದೆ. ಒಬ್ಬಳು 42 ಸೆಂಟಿಮೀಟರ್ ಅನ್ನುತ್ತಾಳೆ, ಇನ್ನೊಬ್ಬ 50 ಅನ್ನುತ್ತಾನೆ. ತಕ್ಷಣ ‘ಯಾವುದು ಸರಿ?’ ಅಂತ ನಿಮ್ಮ ಮುಖ ನೋಡುತ್ತಾರೆ. ಆಗ ಉತ್ತರ ಹೇಳಬೇಡಿ. ಎರಡು ಅಳತೆ ಯಾಕೆ ಬೇರೆ ಬಂದವು ಅಂತ ಅವರೇ ಜಗಳವಾಡಲಿ. ಆ ಜಗಳವನ್ನು ಗಮನವಿಟ್ಟು ದಾಖಲಿಸಿದರೆ ಅದೇ ಶಿಕ್ಷಣ ಸಂಶೋಧನೆ. ಆದರೆ ಅದಕ್ಕೆ ಅದರದೇ ವಿಧಾನ ಇದೆ. ಪೋಷಕರ ಒಪ್ಪಿಗೆ ಬೇಕು, ಸಂದರ್ಶನ ಬೇಕು, ಮುಂಚೆ ಏನು ತಿಳಿದಿತ್ತು ಅನ್ನುವುದರ ದಾಖಲೆ ಬೇಕು. ಪ್ರಬಂಧದ ಕೊನೆಗೆ ‘ಶಾಲೆಯಲ್ಲೂ ಕಾರ್ಯಕ್ರಮ ಮಾಡಿದೆವು’ ಅಂತ ಅಂಟಿಸುವುದಾದರೆ ಅದನ್ನು ಸಂಶೋಧನೆ ಅನ್ನಬೇಡಿ, ಸೇವೆ ಅಂತ ಖುಷಿಯಾಗಿ ಮಾಡಿ.

ಓದು, ಕೆಲಸದ ಬಗ್ಗೆ: ಎಂ.ಎಸ್ಸಿಯನ್ನು ಒಂದು ಗಟ್ಟಿ ವಿಷಯದಲ್ಲೇ ಮಾಡಿ, ಫಿಸಿಕ್ಸ್ ಆದರೂ ಸರಿ, ಪರಿಸರ ವಿಜ್ಞಾನ ಆದರೂ ಸರಿ. ಕಾಲೇಜು ಕೆಲಸಕ್ಕೆ ಅರ್ಜಿ ಹಾಕುವಾಗ ಸ್ನಾತಕೋತ್ತರ ವಿಷಯ ಯಾವುದು ಅಂತಲೇ ಮೊದಲು ನೋಡುತ್ತಾರೆ. ಪರಿಸರ ವಿಜ್ಞಾನದಲ್ಲಿ ಕಾಲೇಜು ಅಧ್ಯಾಪಕರ ಅರ್ಹತೆಯ ನೆಟ್ ಪರೀಕ್ಷೆಯೂ ಇದೆ. ವಿಷಯ ಬೆರೆಸುವುದನ್ನು ಪಿಎಚ್‌ಡಿಗೆ ಇಟ್ಟುಕೊಳ್ಳಿ. ಬೆಂಗಳೂರಿನಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನಗಳ ಕೇಂದ್ರ ಇದೆ, ಪರಿಸರ ಸಂಶೋಧನೆ ಮಾಡುವ ಏಟ್ರೀ ಸಂಸ್ಥೆ ಇದೆ. ಬೆಳ್ಳಂದೂರು ಕೆರೆಯ ನೊರೆ ಯಾಕೆ ಮಳೆಗಾಲದಲ್ಲೇ ಜಾಸ್ತಿ ಅನ್ನುವ ಪ್ರಶ್ನೆ ಹಿಡಿದವರೂ ವಿಜ್ಞಾನ ಸಂಸ್ಥೆಯವರೇ. ಡಿಟರ್ಜೆಂಟ್ ಅಂಶ ಹೂಳಿಗೆ ಅಂಟಿಕೊಂಡಿರುತ್ತದೆ, ಜೋರು ಮಳೆ ಅದನ್ನು ಕೆದಕಿ ಬಿಡಿಸುತ್ತದೆ ಅಂತ ಅವರು ಕಂಡುಕೊಂಡರು. ಗೈಡ್ ಆರಿಸುವಾಗ ಅವರ ಹಳೆಯ ವಿದ್ಯಾರ್ಥಿಗಳು ಈಗ ಏನು ಮಾಡುತ್ತಿದ್ದಾರೆ ಅಂತ ವಿಚಾರಿಸಿ.

ಕೆರೆಗೆ ಏನೇ ಇಳಿಸುವ ಮುಂಚೆ ಅದು ಯಾರ ಸುಪರ್ದಿಯಲ್ಲಿದೆ ಅಂತ ತಿಳಿದುಕೊಂಡು ಬರಹದಲ್ಲಿ ಅನುಮತಿ ತೆಗೆದುಕೊಳ್ಳಿ. ಪಂಚಾಯಿತಿ ಇರಬಹುದು, ಸಣ್ಣ ನೀರಾವರಿ ಇಲಾಖೆ ಇರಬಹುದು. ಮೀನಿನ ಟೆಂಡರ್ ಹಿಡಿದವರಿಗೂ ಹೇಳಿ, ಇಲ್ಲದಿದ್ದರೆ ನಿಮ್ಮ ಹಗ್ಗ ಅವರ ಬಲೆಗೆ ಸಿಗುತ್ತದೆ. ತೆಪ್ಪದಲ್ಲಿ ಒಬ್ಬರೇ ಹೋಗಬೇಡಿ, ಕೊಳಚೆ ನೀರಿಗೆ ಕೈಗವಸು ಇಲ್ಲದೆ ಕೈ ಹಾಕಬೇಡಿ.

ನಿಮ್ಮ ಕೆರೆ ಬೇಸಿಗೆಯಲ್ಲಿ ಎಷ್ಟು ಆಳ ಇರುತ್ತದೆ, ಕೊಳಚೆ ಯಾವ ಕಡೆಯಿಂದ ಸೇರುತ್ತದೆ, ಕೋಡಿ ಎಲ್ಲಿದೆ ಅಂತ ತಿಳಿಸಿ. ಹಗ್ಗವನ್ನು ಎಲ್ಲಿ ಕಟ್ಟಬೇಕು, ಎಷ್ಟು ಸೆನ್ಸರ್ ಬೇಕು ಅಂತ ಹೇಳುತ್ತೇನೆ.