ಮಳೆಗಾಲಕ್ಕೆ ಮನೆ ಜನರೇಟರ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದರೆ ನಮ್ಮ ಕಡೆ ಮೂರು ನಾಲ್ಕು ದಿನ ಕರೆಂಟ್ ಇರುವುದಿಲ್ಲ. ಇನ್ವರ್ಟರ್‌ನ 150 ಎಎಚ್ ಬ್ಯಾಟರಿ ಎರಡನೇ ದಿನಕ್ಕೇ ಕೈಕೊಡುತ್ತದೆ. ಬೋರ್‌ವೆಲ್‌ಗೆ 1 ಎಚ್‌ಪಿ ಸಿಂಗಲ್ ಫೇಸ್ ಸಬ್‌ಮರ್ಸಿಬಲ್ ಪಂಪ್ ಇದೆ; ಮನೆಯಲ್ಲಿ ಫ್ರಿಜ್, ಮಿಕ್ಸಿ. 2 ಕೆವಿಎ ಪೆಟ್ರೋಲ್ ಜನರೇಟರ್ ಸಾಕು ಎನ್ನುತ್ತಾರೆ ಅಂಗಡಿಯವರು. ಕೊಳ್ಳಬಹುದೇ?
(ಕೊಪ್ಪ ತಾಲ್ಲೂಕಿನ ಓದುಗರು)

ಉತ್ತರ: ಬೇಡ. ಅಂಗಡಿಯವರು ಓಡುತ್ತಿರುವ ಪಂಪಿನ ಲೆಕ್ಕ ಹಾಕಿದ್ದಾರೆ. 1 ಎಚ್‌ಪಿ ಎಂದರೆ 746 ವ್ಯಾಟ್. ಮೋಟಾರಿನ ನಷ್ಟವೂ ಸೇರಿ ಅದು ಎಳೆಯುವುದು ಸುಮಾರು 1,100–1,200 ವ್ಯಾಟ್. ಆದರೆ ಸ್ಟಾರ್ಟ್ ಆಗುವ ಕ್ಷಣದಲ್ಲಿ ಮೋಟಾರು ಅದರ ಹಲವು ಪಟ್ಟು ಕರೆಂಟ್ ಕೇಳುತ್ತದೆ. ಚಿಕ್ಕ ಜನರೇಟರ್ ಅದನ್ನು ಕೊಡಲಾಗದೆ ವೋಲ್ಟೇಜ್ ಕುಸಿಯುತ್ತದೆ. ವೋಲ್ಟೇಜ್ ಶೇ. 20 ಇಳಿದರೆ ಮೋಟಾರಿನ ತಿರುಗುಬಲ ಶೇ. 64ಕ್ಕೆ ಬರುತ್ತದೆ. ಆಗ ಪಂಪ್ ತಿರುಗದೆ ಗುಂಯ್ ಎನ್ನುತ್ತಾ ಭಾರೀ ಕರೆಂಟ್ ಎಳೆಯುತ್ತಲೇ ಇರುತ್ತದೆ. ಹಾಗೇ ಬಿಟ್ಟರೆ ವೈಂಡಿಂಗ್ ಸುಡುತ್ತದೆ. ಪಂಪ್ ಮೇಲೆತ್ತಿಸಿ ರಿವೈಂಡಿಂಗ್ ಮಾಡಿಸುವ ಖರ್ಚಿನ ಮುಂದೆ ಜನರೇಟರಿನಲ್ಲಿ ಉಳಿಸಿದ ಹಣ ಏನೂ ಅಲ್ಲ.

ನಿಮ್ಮ ಪಂಪಿಗೆ ಕನಿಷ್ಠ 3 ಕಿಲೋವ್ಯಾಟ್, ಅಂದರೆ ಸುಮಾರು 3.75 ಕೆವಿಎ ಬೇಕು (ಕೆವಿಎಯ ಶೇ. 80ರಷ್ಟು ಕಿಲೋವ್ಯಾಟ್ ಎಂಬ ಲೆಕ್ಕದಲ್ಲಿ). ಎವಿಆರ್, ಅಂದರೆ ವೋಲ್ಟೇಜ್ ತಾನಾಗಿ ಸರಿಹೊಂದಿಸುವ ಸರ್ಕ್ಯೂಟ್ ಇರುವುದನ್ನೇ ಕೇಳಿ. ನಾಮಫಲಕವನ್ನು ನೀವೇ ಓದಿ. ಡಬ್ಬದ ಮೇಲೆ ದೊಡ್ಡ ಅಕ್ಷರದಲ್ಲಿರುವುದು ಸಾಮಾನ್ಯವಾಗಿ ಗರಿಷ್ಠ ಸಾಮರ್ಥ್ಯ. ಅದು ಸ್ವಲ್ಪ ಹೊತ್ತಿಗೆ ಮಾತ್ರ. ಸತತವಾಗಿ ಕೊಡಬಲ್ಲ ರೇಟೆಡ್ ಸಾಮರ್ಥ್ಯ ಅದಕ್ಕಿಂತ ಕಡಿಮೆ, ನಿಮ್ಮ ಲೆಕ್ಕಕ್ಕೆ ಬರಬೇಕಾದದ್ದು ಅದೇ. ಸಾಧ್ಯವಾದರೆ ನಿಮ್ಮ ಪಂಪಿಗೇ ಜೋಡಿಸಿ ಸ್ಟಾರ್ಟ್ ಮಾಡಿ ತೋರಿಸಿದ ಮೇಲೆ ಹಣ ಕೊಡಿ. ಪಂಪಿನ ಪ್ಯಾನೆಲ್‌ನ ವೋಲ್ಟ್‌ಮೀಟರ್ ನೋಡುತ್ತಿರಿ: ಮುಳ್ಳು ಒಮ್ಮೆ ಬಿದ್ದು, ಒಂದೆರಡು ಸೆಕೆಂಡಿನಲ್ಲಿ 210–220ರ ಆಸುಪಾಸಿಗೆ ಮರಳಬೇಕು. ಕೆಳಗೇ ನಿಂತರೆ ಕೂಡಲೇ ಪಂಪ್ ಆಫ್ ಮಾಡಿ. ಆ ಜನರೇಟರ್ ನಿಮಗಲ್ಲ. (ಪಂಪ್ ಮೂರು ಫೇಸಿನದಾಗಿದ್ದರೆ ಸಿಂಗಲ್ ಫೇಸ್ ಜನರೇಟರ್ ನೇರವಾಗಿ ಓಡಿಸುವುದಿಲ್ಲ.)

ಇಡೀ ದಿನ ಓಡಿಸುವ ಅಗತ್ಯವಿಲ್ಲ. ಬೆಳಿಗ್ಗೆ ಒಂದೂವರೆ ಗಂಟೆ, ಸಂಜೆ ಒಂದೂವರೆ ಗಂಟೆ ಸಾಕು. ಬೇರೆಲ್ಲ ಆಫ್ ಇಟ್ಟು ಮೊದಲು ಪಂಪ್ ಹಾಕಿ, ಟ್ಯಾಂಕ್ ತುಂಬಿಸಿ. ಅದು ನಿಂತ ಮೇಲೆ ಫ್ರಿಜ್, ಆಮೇಲೆ ಇನ್ವರ್ಟರ್. ಇನ್ವರ್ಟರ್ 12 ಆಂಪಿಯರ್‌ನಲ್ಲಿ ಪೂರ್ತಿ ಮೂರು ಗಂಟೆ ಚಾರ್ಜ್ ಮಾಡಿದರೆ ಸುಮಾರು 36 ಎಎಚ್ ಸೇರುತ್ತದೆ; ಪಂಪ್ ಓಡಿದ ಹೊತ್ತಿನಷ್ಟು ಇದು ಕಡಿಮೆಯಾಗುತ್ತದೆ. 12 ವೋಲ್ಟಿನ ಬ್ಯಾಟರಿಯಲ್ಲಿ 36 ಎಎಚ್ ಎಂದರೆ 432 ವ್ಯಾಟ್–ಅವರ್; ನಷ್ಟ ಕಳೆದು 350 ಸಿಕ್ಕಿತೆನ್ನಿ: 9 ವ್ಯಾಟಿನ ನಾಲ್ಕು ಎಲ್‌ಇಡಿ ಬಲ್ಬ್, 10 ವ್ಯಾಟಿನ ವೈಫೈ ರೂಟರ್ ಏಳು ಗಂಟೆ ನಡೆಯುತ್ತವೆ. ಜನರೇಟರಿನಲ್ಲಿ ಇನ್ವರ್ಟರ್ ಚಾರ್ಜ್ ತೆಗೆದುಕೊಳ್ಳದಿದ್ದರೆ ಅದು ಯುಪಿಎಸ್ ಮೋಡ್‌ನಲ್ಲಿರಬಹುದು. ಹಿಂಭಾಗದ ಸ್ವಿಚ್ಚನ್ನು ನಾರ್ಮಲ್ ಮೋಡ್‌ಗೆ ಬದಲಿಸಿ ನೋಡಿ. ಪೆಟ್ರೋಲ್ ಗಂಟೆಗೆ ಲೀಟರಿನ ಆಸುಪಾಸು ಹಿಡಿಯಿರಿ, ಪಂಪ್ ಓಡುವಾಗ ಇನ್ನಷ್ಟು.

ಪ್ರಶ್ನೆ: ಎರಡೂ ತುದಿಗೆ ಪಿನ್ ಇರುವ ವೈರ್‌ನಿಂದ ಜನರೇಟರನ್ನು ಅಡುಗೆಮನೆಯ 16 ಆಂಪಿಯರ್ ಪ್ಲಗ್‌ಗೆ ಸಿಕ್ಕಿಸಿದರೆ ಮನೆಯಿಡೀ ಕರೆಂಟ್ ಬರುತ್ತದಂತೆ, ಮೇನ್ ಸ್ವಿಚ್ ಆಫ್ ಮಾಡಿದರೆ ಸಾಕಂತೆ. ಹೌದೇ?
(ಹೊಸನಗರದ ಓದುಗರು)

ಉತ್ತರ: ಕರೆಂಟ್ ಬರುತ್ತದೆ, ಅದೇ ಅಪಾಯ. ಯಾರಾದರೂ ಮರೆತು ಮೇನ್ ಹಾಕಿದರೆ ನಿಮ್ಮ 230 ವೋಲ್ಟ್ ಲೈನಿಗೆ ಹೋಗಿ, ಟ್ರಾನ್ಸ್‌ಫಾರ್ಮರಿನಲ್ಲಿ ಹಿಮ್ಮುಖವಾಗಿ 11,000 ವೋಲ್ಟಿನತ್ತ ಏರುತ್ತದೆ. ಲೈನ್ ಸತ್ತಿದೆ ಎಂದು ನಂಬಿ ಕಂಬ ಹತ್ತಿದ ಲೈನ್‌ಮನ್ ಪ್ರಾಣಕ್ಕೆ ಕುತ್ತು. ಇನ್ನೊಂದು ತುದಿ ಪ್ಲಗ್‌ನಿಂದ ಕಳಚಿಕೊಂಡರೆ ಬೆತ್ತಲೆ ಪಿನ್‌ನಲ್ಲಿ 230 ವೋಲ್ಟ್ ಇರುತ್ತದೆ. ಲೈನ್ ಬಂದ ಹೊತ್ತಿನಲ್ಲಿ ಮೇನ್ ಹಾಕಿದರೆ ಜನರೇಟರೂ ಹೋಗುತ್ತದೆ.

ಫೇಸ್, ನ್ಯೂಟ್ರಲ್ ಎರಡನ್ನೂ ಬದಲಿಸುವ ಎರಡು ಪೋಲ್‌ನ 32 ಆಂಪಿಯರ್ ಚೇಂಜ್‌ಓವರ್ ಸ್ವಿಚ್ ಹಾಕಿಸಿ. ಅದರಲ್ಲಿ ಲೈನ್ ಮತ್ತು ಜನರೇಟರ್ ಒಟ್ಟಿಗೆ ಸೇರಲಾರವು. ಅಲ್ಲಿಂದ ಜನರೇಟರಿಗೆ 2.5 ಚದರ ಮಿ.ಮೀ. ತಾಮ್ರದ ಮೂರು ಕೋರ್ ಕೇಬಲ್. ದೂರ ಮೂವತ್ತು ಮೀಟರ್ ದಾಟಿದರೆ 4 ಚದರ ಮಿ.ಮೀ.

ಹಲವರು ಬಿಟ್ಟುಬಿಡುವ ವಿಷಯ ಅರ್ಥಿಂಗ್. ಬಹಳಷ್ಟು ಚಿಕ್ಕ ಜನರೇಟರುಗಳ ನ್ಯೂಟ್ರಲ್ ಎಲ್ಲಿಗೂ ಕಟ್ಟಿರುವುದಿಲ್ಲ. ಟೆಸ್ಟರ್ ಇಟ್ಟರೆ ಎರಡೂ ರಂಧ್ರಗಳಲ್ಲಿ ಮಂಕಾಗಿ ಉರಿಯುವುದು ಅದಕ್ಕೇ. ಇಂಥ ಸ್ಥಿತಿಯಲ್ಲಿ ಮನೆಯ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನಾಗಿ ಆಫ್ ಆಗುವ ರಕ್ಷಣಾ ಸ್ವಿಚ್, ಅಪಾಯದ ಹೊತ್ತಿಗೆ ಟ್ರಿಪ್ ಆಗುವುದಿಲ್ಲ. ಜನರೇಟರಿನ ಬಾಡಿಯನ್ನು ಮನೆಯ ಅರ್ಥ್‌ಗೆ ಸೇರಿಸಿ, ನ್ಯೂಟ್ರಲ್ಲನ್ನು ಬಾಡಿಗೆ ಕಟ್ಟಬೇಕೇ ಎಂಬುದನ್ನು ಮ್ಯಾನುಯಲ್ ನೋಡಿ ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ.

ಪ್ರಶ್ನೆ: ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿದ್ದೇವೆ. ಬಾಲ್ಕನಿಯಲ್ಲಿಟ್ಟು ಓಡಿಸಬಹುದೇ?

ಉತ್ತರ: ಖಂಡಿತ ಬೇಡ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕಿಟಕಿ ತೆರೆದಿಟ್ಟರೂ ಮುಚ್ಚಿಟ್ಟರೂ ಒಳಗೆ ಬರುತ್ತದೆ, ಮಲಗಿದವರು ಏಳುವುದಿಲ್ಲ. ಮನೆಯಿಂದ ಕನಿಷ್ಠ 6 ಮೀಟರ್ ದೂರ, ಬಯಲಿನಲ್ಲೇ ಅದರ ಜಾಗ. ಹಳ್ಳಿಯ ಮನೆಗಳಲ್ಲೂ ಮಳೆಗೆಂದು ಕೊಟ್ಟಿಗೆ, ಜಗುಲಿ, ಕಾರ್ ಶೆಡ್ಡಿನೊಳಗೆ ಇಡಬಾರದು. ನಾಲ್ಕೂ ಕಡೆ ತೆರೆದ ತಗಡಿನ ಮಾಡು ಮಾಡಿಸಿ, ಹೊಗೆಕೊಳವೆ ಮನೆಗೆ ಬೆನ್ನು ಹಾಕಿರಲಿ. ಅಪಾರ್ಟ್‌ಮೆಂಟಿನಲ್ಲಿರುವ ನಿಮಗೆ ದೊಡ್ಡ ಬ್ಯಾಟರಿಯ ಇನ್ವರ್ಟರೇ ಸರಿ.

ಪ್ರಶ್ನೆ: ಕಳೆದ ಮಳೆಗಾಲದಲ್ಲಿ ಕೊಂಡ ಜನರೇಟರ್ ಈಗ ಹಗ್ಗ ಎಷ್ಟು ಎಳೆದರೂ ಸ್ಟಾರ್ಟ್ ಆಗುತ್ತಿಲ್ಲ.
(ಸಿದ್ದಾಪುರದ ಓದುಗರು)

ಉತ್ತರ: ಮೊದಲು ಆಯಿಲ್ ನೋಡಿ. ಆಯಿಲ್ ಕಡಿಮೆಯಾದರೆ ಸೆನ್ಸರ್ ಕಿಡಿಯನ್ನೇ ಕಡಿಯುತ್ತದೆ; ಇಳಿಜಾರಿನಲ್ಲಿಟ್ಟರೂ ಅಷ್ಟೇ. ಅದು ಸರಿಯಿದ್ದರೆ ಹಳೇ ಪೆಟ್ರೋಲ್ ಕಾರಣವಿರಬೇಕು. ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಇರುತ್ತದೆ, ಅದು ತೇವ ಹೀರುತ್ತದೆ. ಕಾರ್ಬುರೇಟರ್ ಬಟ್ಟಲಿನ ಕೆಳಗಿನ ಸ್ಕ್ರೂ ಸಡಿಲಿಸಿ ಗಾಜಿನ ಲೋಟಕ್ಕೆ ಬಿಡಿ. ನೀರಿದ್ದರೆ ತಳದಲ್ಲಿ ಬೇರೆ ಪದರವಾಗಿ ನಿಲ್ಲುತ್ತದೆ. ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಜೆಟ್ಟನ್ನು (ಕಾರ್ಬುರೇಟರಿನೊಳಗೆ ಪೆಟ್ರೋಲ್ ಹರಿಯುವ ಸಣ್ಣ ರಂಧ್ರದ ಭಾಗ) ಕಾರ್ಬುರೇಟರ್ ಸ್ಪ್ರೇ ಮತ್ತು ಗಾಳಿಯಿಂದ ಶುಚಿ ಮಾಡಿ. ತಂತಿ ತೂರಿಸಬೇಡಿ, ರಂಧ್ರ ಹಿಗ್ಗಿದರೆ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ. ಸ್ಪಾರ್ಕ್ ಪ್ಲಗ್‌ನಲ್ಲಿ ಕಿಡಿ ಹಾರುವ ಅಂತರ 0.7–0.8 ಮಿ.ಮೀ. ಇರಲಿ.

ಮುಂದಿನ ಸಲ ಎತ್ತಿಡುವಾಗ ಎಂಜಿನ್ ಓಡುತ್ತಿರುವಾಗಲೇ ಪೆಟ್ರೋಲ್ ಕಾಕ್ ಮುಚ್ಚಿ, ಕಾರ್ಬುರೇಟರ್ ಒಣಗಿ ತಾನಾಗಿ ನಿಲ್ಲುವವರೆಗೆ ಬಿಡಿ, ಟ್ಯಾಂಕ್ ಬಸಿದಿಡಿ. ತಿಂಗಳಿಗೊಮ್ಮೆ ಹೊಸ ಪೆಟ್ರೋಲ್ ಹಾಕಿ, ಲೋಡ್ ಕೊಟ್ಟು ಹದಿನೈದು ನಿಮಿಷ ಓಡಿಸಿ. ಆಯಿಲ್ ಹೊಸದರಲ್ಲಿ 20 ಗಂಟೆಗೆ, ಆಮೇಲೆ 100 ಗಂಟೆ ಅಥವಾ ಆರು ತಿಂಗಳಿಗೊಮ್ಮೆ ಬದಲಿಸಿ.